ನಲವತ್ತೆರಡು ಹೆಬ್ಬೆಟ್ಟು ಮತ್ತು ಬಳೆಗಾರ್ತಿ ಸರ್ದಾರಬಿ

೧೯೩೮ರ ಶ್ರಾವಣದಲ್ಲಿ, ಹುಮನಾಬಾದ್ ಕಚೇರಿಯ ಮುಂದೆ ಅರ್ಜಿ ಬರೆಯುವ ತುಳಜಾರಾಮ, ಕಲ್ಯಾಣದ ಬಳೆಗಾರ್ತಿ ಸರ್ದಾರಬಿಯನ್ನು ಮೊದಲ ಸಲ ಕಂಡಾಗ ಅವಳ ಹೆಗಲಿನಲ್ಲಿ ಹಸಿರು ಬಳೆಗಳ ಮಲಾರವಿತ್ತು, ಕಾಲು ಮೊಣಕಾಲವರೆಗೆ ಕೆಸರಾಗಿತ್ತು. ಹದಿನಾರರ ವಿಧವೆಗೆ ಬಳೆ ತೊಡಿಸಿದಳೆಂದು ದುಬಲಗುಂಡಿಯವರು ಸಭೆ ಸೇರಿ, ಕೈ ಎತ್ತಿ, ಅವಳು ಊರಲ್ಲಿ ಬಳೆ ಮಾರಬಾರದೆಂದು ಗೊತ್ತುಮಾಡಿದ್ದರು.

"ಇಡೀ ಊರೇ ಕೈ ಎತ್ತೇದವ್ವಾ, ನೀ ಒಬ್ಬಾಕಿ," ಎಂದ ತುಳಜಾರಾಮ.

"ಕೈ ಎತ್ತಿದವ್ರೆಲ್ಲಾ ಗಂಡಸ್ರರಿ. ಅವರ್ಯಾರೂ ಬಳಿ ಇಟ್ಕೊಳ್ಳಂಗಿಲ್ಲ. ನೀವು ಬರೀರಿ!"

ತುಳಜಾರಾಮ ನಕ್ಕು ಮಸಿಯ ದೌತಿ ತೆರೆದ.

ವಿಚಾರಣೆಯ ದಿನ ಊರವರು ನಲವತ್ತೆರಡು ಹೆಬ್ಬೆಟ್ಟು ಒತ್ತಿದ ಕಾಗದವನ್ನು ಹೆಮ್ಮೆಯಿಂದ ಮುಂದಿಟ್ಟರು.

"ಈಕಿ ಮಾತು ಯಾರರ ಕೇಳೀರೇನು?" ಎಂದರು ಮುನ್ಸೀಫರು.

ಯಾರೂ ಕೇಳಿರಲಿಲ್ಲ. ಎಷ್ಟು ಕೈ ಎದ್ದರೂ ಒಬ್ಬಳ ಕಸಬು ಕಸಿಯಲಾಗದೆಂದು ಮುನ್ಸೀಫರು ಊರಿನ ನಿರ್ಣಯವನ್ನೇ ರದ್ದುಮಾಡಿದರು.

ಅಂದಿನಿಂದ ಸರ್ದಾರಬಿ ಪ್ರತಿ ಸೋಮವಾರ ದುಬಲಗುಂಡಿಯಲ್ಲಿ ಬಳೆ ಮಾರಿದಳು. ಕೇಳಿ ಬಂದ ವಿಧವೆಯರಿಗೂ ತೊಡಿಸಿದಳು.