ಹಗುರ ಸ್ಟೇರಿಂಗಿನ ಜೀಪಿನಲ್ಲಿ ಮಂಡ್ಯಕ್ಕೆ

ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಊರು ಬಿಟ್ಟೆವು. ಮಳವಳ್ಳಿಗೆ ಈಚೆ, ನಾಲೆ ಏರಿಗೆ ಅಂಟಿಕೊಂಡ ಊರು ನಮ್ಮದು. ಜೀಪು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಕೂತು, ಎದುರಿನ ಹಿಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದವರು ನನ್ನ ಯಜಮಾನರು ಪುಟ್ಟಸ್ವಾಮಿ. ಮುಂದಿನ ಬಂಪರಿಗೆ ನಮ್ಮತ್ತೆಯ ಕಾಲದ ಒರಳುಕಲ್ಲನ್ನು ಅವರೇ ಹಗ್ಗದಿಂದ ಬಿಗಿದಿದ್ದರು. ಒರಳುಕಲ್ಲು ಕಟ್ಟಿಕೊಂಡು ಪ್ರಯಾಣ ಹೊರಟ ಗಂಡಹೆಂಡಿರು ಈ ಜಿಲ್ಲೆಯಲ್ಲಿ ನಾವೇ ಮೊದಲಿರಬೇಕು ಎಂದೆ. ಅವರು ನಗಲಿಲ್ಲ.

ಕಲ್ಲಿನ ಕಥೆ ಹೇಳದಿದ್ದರೆ ಉಳಿದದ್ದು ಅರ್ಥವಾಗದು. ನನ್ನದು ಸಸಿಗಳ ನರ್ಸರಿ. ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ಹಲಗೂರು ಕಡೆಯ ಬೆಟ್ಟದಡಿಯ ತೋಟಗಳಿಗೆ ನಾನೇ ಮುಟ್ಟಿಸುತ್ತೇನೆ. ಅಲ್ಲಿಗೆ ಆಟೋ ಹತ್ತುವುದಿಲ್ಲ, ಟ್ರ್ಯಾಕ್ಟರಿನ ಕುಲುಕಾಟಕ್ಕೆ ಸಸಿ ಉಳಿಯುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಈ ಹಳೇ ಜೀಪೇ ಗತಿ. ಹೋದ ಮಳೆಗಾಲದಲ್ಲಿ ಕೆಸರಿಗೆ ಹೊಟ್ಟೆ ತಗಲುತ್ತಿದೆಯೆಂದು ಒಂದು ಗ್ಯಾರೇಜಿನಲ್ಲಿ ಸ್ಪ್ರಿಂಗಿಗೆ ಇನ್ನಷ್ಟು ಪಟ್ಟಿ ಸೇರಿಸಿ ಎತ್ತರ ಮಾಡಿಸಿದೆವು, ದೊಡ್ಡ ಟೈರು ಹಾಕಿಸಿದೆವು. ಅಂದಿನಿಂದ ಸ್ಟೇರಿಂಗು ಹೂವಿನಷ್ಟು ಹಗುರ. ಕಿರುಬೆರಳಲ್ಲಿ ತಿರುಗುತ್ತದೆ. ಕೇಳುವುದಕ್ಕೆ ಚೆನ್ನ, ಓಡಿಸುವವರಿಗೆ ಗೊತ್ತು ಅದರ ಪಾಡು. ಸಣ್ಣ ಗುಂಡಿಗೆ ಇಳಿದರೂ ಬೆದರಿದ ಕರುವಿನಂತೆ ಪಕ್ಕಕ್ಕೆ ಹಾರುತ್ತದೆ, ತಿರುಗಿಸಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ.

ಕಳೆದ ತಿಂಗಳು ನಾಲೆ ಏರಿಯ ಮೇಲೆ ಹಾಲಿನ ವ್ಯಾನಿಗೆ ದಾರಿ ಬಿಡಲು ಹೋಗಿ ನೀರಿನ ಅಂಚಿಗೆ ಹೋಗಿ ನಿಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಕೋಣ ನನ್ನ ಕೈಯಲ್ಲೇ ಇತ್ತು. ಮನೆಯಲ್ಲಿ ನಾನು ಉಸಿರೆತ್ತಲಿಲ್ಲ. ಮಾರನೆಯ ದಿನ ಹಾಲಿನ ವ್ಯಾನಿನವನ ಬಾಯಿಂದ ಕೇಳಿ ಯಜಮಾನರೇ ಹೋಗಿ ಅಂಚಿನ ಮೇಲಿನ ಟೈರಿನ ಗುರುತು ನೋಡಿ ಬಂದರು. ಅವತ್ತು ರಾತ್ರಿ ಮುದ್ದೆ ಮುಟ್ಟಲಿಲ್ಲ.

ಕಬ್ಬಿನ ಟ್ರ್ಯಾಕ್ಟರಿನವರನ್ನು ಕೇಳಿದರು. ಟ್ರೈಲರಿಗೆ ಕಬ್ಬು ಹೆಚ್ಚಾದರೆ ಟ್ರ್ಯಾಕ್ಟರಿನ ಮೂತಿ ಎದ್ದು ಸ್ಟೇರಿಂಗು ಹಗುರಾಗುತ್ತದೆ. ಆಗ ಮುಂದೆ ಭಾರ ಹೇರುವುದು ನಮ್ಮ ಕಡೆಯವರ ರೂಢಿ. ಹಾಗಾಗಿ ಒರಳುಕಲ್ಲು ಬಂತು. ಜೊತೆಗೆ ಭಾವನವರೂ, ಅಂದರೆ ಇವರ ಅಣ್ಣ, ಗಾಡಿ ಮಾರಿಬಿಡಿ ಎಂದು ಒಬ್ಬ ಗಿರಾಕಿಯನ್ನು ಕರೆತಂದರು. ಗಿರಾಕಿ ಜೀಪನ್ನು ಒಂದು ಸುತ್ತು ಓಡಿಸಿ, ಬೆವರೊರೆಸಿಕೊಂಡು, "ಸ್ಟೇರಿಂಗ್ ಸರಿ ಮಾಡ್ಸಿ, ಮಾರನೇ ದಿನ್ವೇ ತಗೊಂಡೋಯ್ತೀನಿ" ಎಂದ. ಸರಿಯಾಗದಿದ್ದರೆ ನಾನು ಓಡಿಸುವಂತಿಲ್ಲ. ಸರಿಯಾದರೆ ಮಾರಿಬಿಡುತ್ತಾರೆ. ನಮ್ಮ ಯಜಮಾನರು ಹುಟ್ಟಿದಾಗಿನಿಂದ ಅಣ್ಣನ ಮಾತಿಗೆ ಎದುರಾಡಿದವರಲ್ಲ. ಜೀಪು ಹೋದರೆ ನರ್ಸರಿಯೂ ಹೋದಂತೆಯೇ. ಅತ್ತ ದರಿ ಇತ್ತ ಪುಲಿ ಎಂದುಕೊಂಡೇ ನಾನು ಗಾಡಿ ಚಾಲೂ ಮಾಡಿದ್ದೆ.

ಭಾರತೀನಗರ ಮುಟ್ಟುವ ಹೊತ್ತಿಗೆ ನನ್ನ ಭುಜಗಳು ಬಿಗಿದುಕೊಂಡಿದ್ದವು. ಹಗುರ ಸ್ಟೇರಿಂಗಿಗೆ ಶಕ್ತಿ ಬೇಡ, ಗಮನ ಬೇಕು. ಎಡಕ್ಕೊಂದು ಬಲಕ್ಕೊಂದು ಸಣ್ಣ ತಿದ್ದುಪಡಿ, ಬಿಡುವಿಲ್ಲದೆ. ಕಾರ್ಖಾನೆ ಕಡೆಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು, ಕಾಲೇಜಿನ ಹುಡುಗಿಯರು ಬಸ್ಸಿಗೆ ಓಡುತ್ತಿದ್ದರು. ನಡುವೆ ಸಿಕ್ಕಿಹಾಕಿಕೊಂಡೆವು. ಪಕ್ಕದ ಟ್ರ್ಯಾಕ್ಟರಿನವನು ಬಗ್ಗಿ ನಮ್ಮ ಬಂಪರು ನೋಡಿ, "ಅಕ್ಕ, ಒಂದು ಕಲ್ಲು ಸಾಲ್ದು ಕಣಕ್ಕ, ರುಬ್ಬೋ ಗುಂಡೂ ಕಟ್ಬೇಕಾಗಿತ್ತು!" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಯಜಮಾನರು ಮಾತ್ರ ಗಂಭೀರವಾಗಿ, "ಗುಂಡು ಸಿಕ್ನಿಲ್ಲ ಕಣಪ್ಪ" ಎಂದು ಉತ್ತರ ಕೊಟ್ಟರು.

ಮದ್ದೂರಿನಲ್ಲಿ ಇಡ್ಲಿ ತಿಂದೆವು. ವಡೆ ಬೇಕೇ ಎಂದು ಹೋಟೆಲಿನವರು ಕೇಳಿದರು. ಬೇರೆ ಊರಿನವರಿಗೆ ಕೊಡಿ ಎಂದೆ. ಊರಾಚೆಯ ಮೆಕ್ಯಾನಿಕ್ಕಿಗೆ ಗಾಡಿ ತೋರಿಸಿದೆವು. ಮೀಸೆ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಸ್ಟೇರಿಂಗನ್ನು ಎರಡು ಸಲ ಅಲ್ಲಾಡಿಸಿ, "ಬಾಕ್ಸ್ ಲೂಸಾಗ್ಬುಟ್ಟದೆ, ಟೈಟ್ ಮಾಡುದ್ರೆ ಮುಗೀತು" ಎಂದು ಸ್ಟೇರಿಂಗ್ ಬಾಕ್ಸಿನ ತಿರುಪು ಬಿಗಿದ. ಸ್ಟೇರಿಂಗು ಗಟ್ಟಿಯಾಯಿತು. "ನೋಡ್ದಾ, ಇಷ್ಟೇಯ!" ಎಂದು ಯಜಮಾನರು ಖುಷಿಪಟ್ಟರು.

ಆ ಖುಷಿ ದಾರಿಯ ಮೊದಲ ತಿರುವಿನವರೆಗೆ ಇತ್ತು. ಹೆದ್ದಾರಿ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಎಡಕ್ಕೆ ತಿರುಗಿಸಿದೆ. ತಿರುವು ಮುಗಿಯಿತು, ಎಳೆದರೂ ಸ್ಟೇರಿಂಗು ಹಿಂದಕ್ಕೆ ಬರಲೊಲ್ಲದು. ಮೊದಲು ಪಕ್ಕಕ್ಕೆ ಹಾರುತ್ತಿತ್ತು, ಈಗ ಇಟ್ಟಲ್ಲೇ ಅಂಟಿಕೊಂಡಿತು. ಚರಂಡಿಯ ಅಂಚಿನಿಂದ ಎಳೆದು ತಂದೆ. ಇವರು "ಅವ್ವಾ!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಗಾಡಿ ನಿಲ್ಲಿಸಿದೆ. ಬಿಸಿಲು ಏರಿತ್ತು. "ಸಾಕು ಕಣ್ರೀ, ವಾಪಸ್ ಹೋಗೋಣ" ಎಂದೆ. "ವಾಪಸ್ಸೂ ಇದ್ರಲ್ಲೇ ಓಗ್ಬೇಕಲ್ಲ" ಎಂದರು. ಅದೂ ನಿಜವೇ.

ಮಂಡ್ಯಕ್ಕೆ ಮಧ್ಯಾಹ್ನ ತಲುಪಿದೆವು. ದಾರಿಯುದ್ದಕ್ಕೂ ಒಂದೇ ಸಮನೆ ಭಾವನವರ ಫೋನು. "ಆಯ್ತಾ? ಪಾರ್ಟಿ ಕೇಳ್ತಾ ಅವ್ರೆ." ಇವರು ಪ್ರತಿ ಸಲವೂ "ಮಂಡ್ಯಕ್ ಓಯ್ತಿದೀವಿ ಕಣಣ್ಣ" ಎನ್ನುತ್ತಿದ್ದರು. ಮೆಸ್ಸಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡೆವು. ನನಗೆ ತೋಳು ಎತ್ತಿ ಮುದ್ದೆ ಮುರಿಯುವುದಕ್ಕೂ ಬೇಜಾರು.

ಗಾಡಿಗಳ ಸ್ಪ್ರಿಂಗ್ ಪಟ್ಟಿ ಕೆಲಸ ಮಾಡುವ ಸಿದ್ದರಾಜು ಎಂಬವರ ಶೆಡ್ಡು ಒಂದು ಇಕ್ಕಟ್ಟು ಓಣಿಯ ಕೊನೆಯಲ್ಲಿತ್ತು. ಅವರೂ ಬಂದು ಒರಳುಕಲ್ಲು ನೋಡಿ ನಕ್ಕರು. ನಗದವರು ಯಾರೂ ಸಿಗಲಿಲ್ಲ ಅವತ್ತು. ಬಾಕ್ಸಿನ ತಿರುಪನ್ನು ಹಿಂದಕ್ಕೆ ಸಡಿಲಿಸಿದರು. ಟೈರಿನ ಗಾಳಿ ಇಳಿಸಿದರು. ನಟ್ಟುಗಳನ್ನೆಲ್ಲ ತಟ್ಟಿ ನೋಡಿದರು. "ಎಲ್ಲಾ ಸರಿಯಾಗಿ ಅದೆ, ಒಂದು ರೌಂಡ್ ಓಡ್ಸಿ ನೋಡಕ್ಕ" ಎಂದರು. ಓಡಿಸಿದೆ. ಅದೇ ಬೆದರುವ ಕರು. ಮತ್ತೊಮ್ಮೆ ಹೊರಟಾಗ ಓಣಿಗೆ ಎದುರಿಂದ ಲಾರಿ ನುಗ್ಗಿತು. ಅಷ್ಟುದ್ದವೂ ಹಿಂದಕ್ಕೆ ಹೋಗಬೇಕಾಯಿತು. ಕತ್ತು ತಿರುಗಿಸಿ, ರಿವರ್ಸಿನಲ್ಲಿ ಗಾಡಿ ಬಿಟ್ಟೆ.

ಗೋಡೆ ತಗಲೀತೆಂದು ಸ್ಟೇರಿಂಗು ಎಳೆದವಳು ಕೈ ಸಡಿಲ ಬಿಟ್ಟೆ ನೋಡಿ, ಅದು ತಾನೇ ನೇರಕ್ಕೆ ಬಂತು! ತಿಂಗಳುಗಟ್ಟಲೆ ಮರೆತುಹೋಗಿದ್ದ ಅನುಭವ. ನಂಬಿಕೆ ಬರಲಿಲ್ಲ. ಲಾರಿ ಹೋದ ಮೇಲೆ ಮುಂದೆ ಹೋದೆ: ಬರುವುದಿಲ್ಲ. ಹಿಂದೆ ಬಂದೆ: ಬರುತ್ತದೆ. ಮತ್ತೆ ಮುಂದೆ, ಮತ್ತೆ ಹಿಂದೆ.

"ಏನೇ ಇದು, ಉಯ್ಯಾಲೆ ಆಡ್ತಿದೀಯಾ?" ಎಂದು ಯಜಮಾನರು ಶೆಡ್ಡಿನಿಂದ ಕೂಗಿದರು.

"ರೀ, ಹಿಂದಕ್ಕೆ ಹೋಗುವಾಗ ನೆಟ್ಟಗೆ ಹೋಗ್ತದೆ ಕಣ್ರೀ ಇದು!"

"ಅಂಗಾರೆ ರಿವರ್ಸಲ್ಲೇ ಊರಿಗೆ ಓಗಣ ಬುಡು."

ಸಿದ್ದರಾಜು ನಗಲಿಲ್ಲ. "ಏನಂದ್ರಿ ಅಕ್ಕ? ಇನ್ನೊಂದ್ಸಲ ಬನ್ನಿ ಹಿಂದಕ್ಕೆ" ಎಂದು ಓಣಿಯಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ತೋರಿಸಿದರು. "ಇದ್ರ ಮುಂದಿನ ಫೋರ್ಕು ಓರೆಯಾಗಿ ಬಾಗ್ಕಂಡದಲ್ಲ, ಅದಕ್ಕೇ ಕೈ ಬುಟ್ರೂ ನೇರ ಓಯ್ತದೆ. ನಿಮ್ ಗಾಡೀಲಿ ಆ ಓರೆ ತಲೆಕೆಳಗಾಗ್ಬುಟ್ಟದೆ. ಹಿಂದಕ್ ಓದ್ರೆ ಅದುಕ್ಕೆ ಸರಿ, ಮುಂದಕ್ ಓದ್ರೆ ತಪ್ಪು. ಭಾರ ಇದ್ರೆ ನೇರ ಓಯ್ತದೆ ಅಂತ ಯಾವನ್ ಯೇಳ್ದ ನಿಮ್ಗೆ?" ಕಲ್ಲು ಕಟ್ಟಿದವರು ಆಕಾಶ ನೋಡುತ್ತಿದ್ದರು.

ಮೂರೂ ಜನ ಗಾಡಿಯ ಕೆಳಗೆ ಬಗ್ಗಿದೆವು. ಪಟ್ಟಿಗೂ ಮುಂದಿನ ಆಕ್ಸಲಿಗೂ ನಡುವೆ, ಎತ್ತರ ಮಾಡಿದಾಗ ಗ್ಯಾರೇಜಿನವರು ಓರೆ ಸರಿಪಡಿಸಲೆಂದು ಇಟ್ಟ ಕಬ್ಬಿಣದ ಬೆಣೆಗಳಿದ್ದವು. ಒಂದು ತುದಿ ದಪ್ಪ, ಒಂದು ತುದಿ ತೆಳು. ನಮ್ಮ ಯಜಮಾನರಿಗೆ ಎಂಜಿನ್ನಿನ ಗಂಧಗಾಳಿ ಇಲ್ಲ. ಆದರೆ ನೇಗಿಲಿಗೆ ಬೆಣೆ ಹೊಡೆದು ಬೆಳೆದವರು. ಎರಡು ನಿಮಿಷ ದಿಟ್ಟಿಸಿ, "ಇವ್ನ ತಿರುಗಾಮುರುಗಾ ಬಡ್ದವ್ರಲ್ಲಾ ಮುಂಡೇವು! ದಪ್ಪದ್ದು ಈ ಕಡೀಕ್ ಬಂದ್ರೆ ಓರೆ ಎಂಗೆ ನಿಂತದು?" ಎಂದರು. ಸಿದ್ದರಾಜು ಟಾರ್ಚು ಹಾಕಿ ನೋಡಿ, "ಹೌದು ಕಣ್ ಗೌಡ್ರೆ, ಎರಡೂ ಉಲ್ಟಾ!" ಎಂದರು.

ಬೋಲ್ಟುಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಹೊಯ್ದು, ಬಡಿದು, ಬೈದು, ಬೆಣೆಗಳನ್ನು ತಿರುಗಿಸಿ ಕೂರಿಸುವ ಹೊತ್ತಿಗೆ ಸಂಜೆ ನಾಲ್ಕಾಯಿತು. ಒರಳುಕಲ್ಲನ್ನು ಬಿಚ್ಚಿ ಹಿಂದೆ ಹಾಕಿದರು. ಓಣಿ ದಾಟಿ ದೊಡ್ಡ ರಸ್ತೆಗೆ ತಿರುಗಿಸಿ ಕೈ ಸಡಿಲಿಸಿದೆ. ಚಕ್ರ ನನ್ನ ಅಂಗೈಯೊಳಗೆ ನಿಧಾನವಾಗಿ ಹೊರಳಿ ನಡುವಿಗೆ ಬಂದು ನಿಂತಿತು. ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಖುಷಿಗೋ, ಇಷ್ಟು ಚೆನ್ನಾಗಿರುವುದನ್ನು ನಾಳೆ ಯಾರೋ ಹೊಡೆದುಕೊಂಡು ಹೋಗುತ್ತಾನೆಂದೋ, ಸುಸ್ತಿಗೋ ಗೊತ್ತಿಲ್ಲ.

ಮದ್ದೂರು ದಾಟಿ ಭಾರತೀನಗರಕ್ಕೆ ಬಂದೆವು. ಕಬ್ಬಿನ ಗಾಡಿಗಳ ಸಾಲು ಇನ್ನೂ ಕರಗಿರಲಿಲ್ಲ. ಯಜಮಾನರು ಹಿಡಿಯನ್ನು ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರಿಗೆ ಅದು ತಿಳಿದಿರಲಿಕ್ಕಿಲ್ಲ. ನಾನೇ ಕೇಳಿದೆ.

"ಮಾರಲೇಬೇಕೇನ್ರೀ?"

"ನಿಂಗೆ ಗೊತ್ತಾಗಕಿಲ್ಲ. ನೀನು ಗಾಡಿ ತಗೊಂಡ್ ಓದ್ಮೇಲೆ ಫೋನ್ ಬಡ್ಕಂಡ್ರೆ ಸಾಕು, ನನ್ ಎದೆ ಝಲ್ ಅಂತದೆ. ನಾಲೆಗ್ ಬಿದ್ಲು ಅನ್ನಕ್ಕೇ ಮಾಡವ್ರೆ ಅನ್ಕೋತೀನಿ. ಎಷ್ಟು ದಿನ ಇಂಗೆ?"

ಇಷ್ಟು ವರ್ಷದಲ್ಲಿ ಈ ಮನುಷ್ಯ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ನಾಲೆ ಏರಿ ಹತ್ತುವಾಗ ಹೊತ್ತು ಮುಳುಗುತ್ತಿತ್ತು. ನೀರು ಅಂಚಿನವರೆಗೆ ತುಂಬಿ ಹರಿಯುತ್ತಿತ್ತು. ಎದುರಿಂದ ಹುಲ್ಲಿನ ಗಾಡಿ ಬಂತು. ಎಡಕ್ಕೆ ಒತ್ತಿದೆ, ನೀರಿನ ಕಡೆಗೆ. ಇವರ ಕೈ ಮತ್ತೆ ಹಿಡಿಯ ಮೇಲೆ ಬಂತು. ಹುಲ್ಲು ಜೀಪಿನ ಮೈ ಸವರಿ ಹೋಯಿತು. ಏರಿಯ ನಡುವಿಗೆ ತಿರುಗಿಸಿ ಕೈ ಸಡಿಲಿಸಿದೆ. ಸ್ಟೇರಿಂಗು ತಾನಾಗಿ ನೇರಕ್ಕೆ ಬಂತು. ಇವರು ನೀರನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಭಾವನವರು. ಅವರ ದನಿ ನನಗೂ ಕೇಳುತ್ತಿತ್ತು: "ಪುಟ್ಟ, ಸರಿ ಓಯ್ತೇನ್ಲಾ? ನಾಳೆ ಬೆಳಿಗ್ಗೇನೆ ಕರ್ಕೊಬತ್ತೀನಿ ಪಾರ್ಟೀನ."

ಯಜಮಾನರು ಗಂಟಲು ಸರಿಮಾಡಿಕೊಂಡರು.

"ಇಲ್ಲ ಕಣಣ್ಣ, ಸರಿ ಓಗ್ನಿಲ್ಲ. ಮಂಡ್ಯದವ್ರೂ ಆಗಕಿಲ್ಲ ಅಂದ್ಬುಟ್ರು. ಬರಬ್ಯಾಡಿ ಅಂತ ಯೇಳ್ಬುಡು ಅವ್ರಿಗೆ."

ಫೋನನ್ನು ಜೇಬಿಗಿಟ್ಟು, ನನ್ನ ಕಡೆ ತಿರುಗದೆಯೇ ಕೇಳಿದರು: "ನಾಳೆ ಬೆಟ್ಟದ ಕಡೀಕೆ ಎಷ್ಟು ಟ್ರೇ ಓಗ್ಬೇಕು?"