ಎಡಗೈಯ ತೇಗದ ತುಂಡು

ಮೊನ್ನೆ ನಮ್ಮ ಆಫೀಸಿಗೆ ಹೊಸ ಕನ್ನಡಕವೊಂದು ಬಂತು. ಅದನ್ನು ಕಣ್ಣಿಗೆ ಕಟ್ಟಿಕೊಂಡು ಎರಡು ಹಿಡಿಕೆ ಹಿಡಿದರೆ ಕಂಪ್ಯೂಟರಿನೊಳಗಿನ ಯಂತ್ರದ ಭಾಗವನ್ನು ಕೈಯಾರೆ ಎತ್ತಿ ತಿರುಗಿಸಿದಂತೆಯೇ ಅನಿಸುತ್ತದಂತೆ. ನಾನೂ ಎತ್ತಿದೆ. ತೂಕವೇ ಇಲ್ಲ! ಕನ್ನಡಕ ಬಿಚ್ಚಿದವಳೇ ಮೇಜಿನ ಡ್ರಾಯರ್ ಎಳೆದೆ. ಅದರೊಳಗಿದ್ದ ತೇಗದ ತುಂಡಿನ ವಾಸನೆ ಬಂತು. ಇಪ್ಪತ್ತು ವರ್ಷದ ಹಳೇ ತುಂಡಿಗೆ ವಾಸನೆ ಎಲ್ಲಿಯದು ಅಂತ ನೀವು ನಗಬಹುದು. ನನಗಂತೂ ಬರುತ್ತದೆ.

ಆಗ ದುರ್ಗಿಗುಡಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿದ್ದ, ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ನಕ್ಷೆ ಮಾಡಲು ಕಲಿಸುವ ಕ್ಯಾಡ್ ಕೇಂದ್ರದಲ್ಲಿ ನಾನು ಪಾಠ ಹೇಳುತ್ತಿದ್ದೆ. ಶಿವಮೊಗ್ಗಕ್ಕೆ ಹೊಸಬಳು. ಒಂದು ಬಾಡಿಗೆ ಕೋಣೆ, ಮಾತಿಗೆ ಯಾರೂ ಇಲ್ಲ. ಒಂದು ಭಾನುವಾರ ಬೇಜಾರು ಕಳೆಯಲು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ಆನೆಗಳು ಒಟ್ಟಾಗಿ ಮೀಯುವುದನ್ನು ಕಂಡು ಇನ್ನಷ್ಟು ಸಪ್ಪಗಾಗಿ ಬಂದೆ. ಆನೆಗಳ ಮೇಲೂ ಹೊಟ್ಟೆಕಿಚ್ಚು ಪಡುವವರಿದ್ದಾರೆ, ನೋಡಿ.

ನಮ್ಮ ಕೇಂದ್ರಕ್ಕೆ ಭದ್ರಾವತಿಯ ಫೌಂಡ್ರಿಯೊಂದರಿಂದ ಮುರಿಗೆಪ್ಪನವರು ಕಲಿಯಲು ಬಂದರು. ಎರಕ ಹೊಯ್ಯುವ ಮುಂಚೆ ಮರದಲ್ಲಿ ಮಾದರಿ ಕೆತ್ತುವುದು ಅವರ ಮೂವತ್ತು ವರ್ಷದ ಕೆಲಸ. ಇನ್ನು ಮಾದರಿಯೆಲ್ಲ ಕಂಪ್ಯೂಟರಿನಲ್ಲೇ. ಪರೀಕ್ಷೆ ಪಾಸಾದರೆ ಅದೇ ಕೆಲಸ, ಇಲ್ಲವಾದರೆ ನಿವೃತ್ತಿಯವರೆಗೆ ಸ್ಟೋರು ಕಾಯುವುದು ಅಂತ ಹೇಳಿಯೇ ಕಳಿಸಿದ್ದರು.

ಪರದೆಯ ಮೇಲಿನ ವಸ್ತುವನ್ನು ತಿರುಗಿಸಲು ನಮ್ಮಲ್ಲಿ ಮೂರು ದಾರಿಗಳಿದ್ದವು: ಕೀಬೋರ್ಡಿನ ಬಾಣಗಳು, ಮೌಸು, ಮತ್ತು ಕೇಂದ್ರದ ಯಜಮಾನರು ಎಲ್ಲಿಂದಲೋ ತಂದಿದ್ದ, ಅಂಗೈಯಲ್ಲಿ ಹಿಡಿದು ತಿರುಚುವ ಚೆಂಡು. ಬಾಣ ಒತ್ತಿದರೆ ವಸ್ತು ನಿಂತಲ್ಲೇ ನಿಂತು, ನೋಡುವವರೇ ಅದರ ಸುತ್ತ ಸರಿದಂತೆ ಅನಿಸುತ್ತಿತ್ತು.

"ಇದೇನ್ ಮೇಡಂ, ಸಾಮಾನು ತಿರುಗ್ಬೇಕು. ನಾನ್ಯಾಕೆ ಅದಕ್ಕೆ ಪ್ರದಕ್ಷಿಣೆ ಹಾಕ್ಲಿ?" ಅಂದರು ಮುರಿಗೆಪ್ಪನವರು.

ಮೌಸು ಹಿಡಿದರೆ ವಸ್ತು ತಲೆಕೆಳಗಾಗುತ್ತಿತ್ತು. ಚೆಂಡು ತಿರುಚಿದರೆ ಪರದೆಯಿಂದಾಚೆ ಹಾರಿಹೋಗುತ್ತಿತ್ತು.

ಒಂದು ದಿನ ಅವರು ಊಟದ ಡಬ್ಬಿಯ ಜೊತೆ ಈ ತುಂಡನ್ನು ತಂದರು. ಪರದೆಯ ಮೇಲಿನ ಭಾಗವನ್ನೇ ತೇಗದಲ್ಲಿ ಕೆತ್ತಿದ್ದರು. ಮೊದಲು ಎಡಗೈ ಅದನ್ನು ತಿರುಗಿಸುವುದು, ಆಮೇಲೆ ಬಲಗೈ ಮೌಸಿನಲ್ಲಿ ಅದನ್ನು ಹಿಂಬಾಲಿಸುವುದು. ಯಾವ ಸಾಧನ ಚುರುಕು ಅಂತ ಯಜಮಾನರಿಗೆ ತಿಳಿಯಬೇಕಿತ್ತು. ಗಡಿಯಾರ ಹಿಡಿದು ಎಲ್ಲರ ವೇಗ ಬರೆದಿಡುವುದು ನನ್ನ ಕೆಲಸ. ತುಂಡು ಕೈಯಲ್ಲಿದ್ದರೆ ಮುರಿಗೆಪ್ಪನವರು ಎಲ್ಲರಿಗಿಂತ ಮುಂದೆ. ನಾನೇ ಬರೆದಿಟ್ಟಿದ್ದೆ.

ಪಾಠದಲ್ಲಿ ನಾನು ಅವರಿಗೆ ಮೇಡಂ, ಊಟದಲ್ಲಿ ತಾಯಿ. "ರೊಟ್ಟಿ ತಗೋ ತಾಯಿ, ಒಬ್ಳೇ ಏನ್ ಉಣ್ತೀಯ" ಅನ್ನುತ್ತಾ ಡಬ್ಬಿಯನ್ನು ನನ್ನ ಕಡೆ ಸರಿಸುತ್ತಿದ್ದರು. ಆ ಒಂದೂವರೆ ತಿಂಗಳು ನಾನು ಒಂಟಿಯಾಗಿರಲಿಲ್ಲ.

ಪರೀಕ್ಷೆಯ ದಿನ ಫೌಂಡ್ರಿಯ ಅಧಿಕಾರಿಯೊಬ್ಬರು ಬಂದು ಕೂತರು. 'ಯಾವುದೇ ವಸ್ತುವನ್ನು ಒಳಗೆ ತರುವಂತಿಲ್ಲ' ಎಂಬ ನಿಯಮ ಗೋಡೆಯ ಮೇಲಿತ್ತು. ಚೀಟಿ ತರಬಾರದೆಂದು ನಾನೇ ಟೈಪು ಮಾಡಿ ಅಂಟಿಸಿದ್ದು. ಅಧಿಕಾರಿ ಮುರಿಗೆಪ್ಪನವರ ಕೈಯಲ್ಲಿದ್ದ ತೇಗದ ತುಂಡನ್ನು ನೋಡಿದರು, ನನ್ನನ್ನು ನೋಡಿದರು.

"ಅದನ್ನ ಇಲ್ಲಿಡಿ" ಅಂದೆ ಮುರಿಗೆಪ್ಪನವರಿಗೆ.

ಇಟ್ಟರು. ಪರೀಕ್ಷೆಯ ಉದ್ದಕ್ಕೂ ಅವರ ಎಡಗೈ ತೊಡೆಯ ಮೇಲೆ ಬಿಚ್ಚುತ್ತಾ ಮುಚ್ಚುತ್ತಾ ಇತ್ತು. ಹೊತ್ತು ಮುಗಿದಾಗ ಕೆಲಸ ಅರ್ಧವೂ ಆಗಿರಲಿಲ್ಲ. ನನ್ನ ವೇಗದ ಪುಸ್ತಕ ಡ್ರಾಯರಿನಲ್ಲೇ ಇತ್ತು, ತೆಗೆದು ತೋರಿಸಬಹುದಿತ್ತು. ತನ್ನ ವಿದ್ಯಾರ್ಥಿಯ ಪರ ವಹಿಸಿದಳು ಅಂದುಬಿಟ್ಟರೆ ಅಂತ ಹೆದರಿದೆ. ಹೇಡಿತನ, ಬೇರೇನಲ್ಲ.

ಮುರಿಗೆಪ್ಪನವರು ಹೊರಡುವಾಗ ತುಂಡನ್ನು ಅವರ ಕಡೆ ಚಾಚಿದೆ.

"ನಿಮ್ಮತ್ರಾನೇ ಇರ್ಲಿ ಬಿಡಿ ಮೇಡಂ. ಸ್ಟೋರಲ್ಲಿ ತಿರುಗ್ಸೋಕೆ ನಂಗೇನಿರುತ್ತೆ?"

ಅದು ಊಟದ ಹೊತ್ತು. ಆದರೂ ಮೇಡಂ ಅಂದರು.

ಆಮೇಲೆ ಅವರು ಬರಲಿಲ್ಲ. ಭದ್ರಾವತಿ ಏನು ದೂರ, ಬಸ್ಸು ಹತ್ತಿದರೆ ಆಯಿತು, ಆದರೆ ನಾನೂ ಹೋಗಲಿಲ್ಲ.

ಹೊಸ ಕನ್ನಡಕದ ಬಗ್ಗೆ ಈಗ ನಾನು ವರದಿ ಬರೆಯಬೇಕು. 'ಎಡಗೈಗೆ ಹಿಡಿಯಲು ನಿಜವಾದದ್ದೊಂದು ಬೇಕು' ಅಂತಷ್ಟೇ ಬರೆದೆ. ಆಮೇಲೆ ಈ ಆಫೀಸಿನಲ್ಲಿ ನಾವು ಹೊಸಬರಿಗೆ ನಡೆಸುವ ಪರೀಕ್ಷೆಯ ನಿಯಮಗಳ ಹಾಳೆ ತೆಗೆದೆ. ಯಾವುದೇ ವಸ್ತು ತರುವಂತಿಲ್ಲ ಎಂದು ಹೋದಲ್ಲೆಲ್ಲ ನಾನೇ ನಕಲು ಮಾಡಿಕೊಂಡು ಬಂದ ಆ ಸಾಲು ಅಲ್ಲೇ ಇತ್ತು. ಹೊಡೆದುಹಾಕಿದೆ.

"ಕೈಯಲ್ಲೇ ಇಟ್ಕೊಳ್ಳಿ ಮುರಿಗೆಪ್ಪನವರೇ" ಅಂದೆ, ಖಾಲಿ ಕೋಣೆಯಲ್ಲಿ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.