ನರ್ಸಬಾಯಿಯ ಕೊರಳು ಬಿಡದ ಮಗಳು

ರೋಣದ ದವಾಖಾನೆಯ ಕಟ್ಟೆಯ ಮೇಲೆ ನನ್ನ ಪುಟ್ಟ ಮಗಳು ಗಂಟಲಲ್ಲಿ ಶೇಂಗಾ ಕಾಳು ಸಿಕ್ಕು ನೀಲಿಗಟ್ಟುತ್ತಿದ್ದಳು. ಡಾಕ್ಟರು ಮೆಣಸಗಿಗೆ ಹೋಗಿದ್ದರು. ನನ್ನ ತಂದೆ ನೀರು ಕುಡಿಸಲು ಚರಿಗೆ ಎತ್ತಿದ್ದರು. ಒಳಗಿನಿಂದ ಓಡಿಬಂದ ನರ್ಸಬಾಯಿ ಆ ಚರಿಗೆಯನ್ನು ತಳ್ಳಿ, ಕೂಸನ್ನು ಕಸಿದುಕೊಂಡು ತಮ್ಮ ತೊಡೆಯ ಮೇಲೆ ತಲೆ ಕೆಳಗಾಗಿ ಬೋರಲು ಹಾಕಿ, ಬೆನ್ನಿಗೆ ಅಂಗೈಯಿಂದ ಬಡಿದರು. ಎಷ್ಟು ಪೆಟ್ಟು ಎಂದು ಕೇಳಿದರೆ ಹೇಳಲಾರೆ. ನನ್ನ ನೆನಪನ್ನೂ ಅನುಮಾನಿಸುವುದು ಕಾಲೇಜು ನನಗೆ ಕಲಿಸಿದ ಚಟ. ಕಾಳು ಹೊರಬಿದ್ದು ಮಗಳು ಚೀರಿದ್ದು ಮಾತ್ರ ಖರೆ.

ಆಮೇಲೆ ಅವಳು ನರ್ಸಬಾಯಿಯ ಕೊರಳನ್ನು ತಬ್ಬಿ ಬಿಡಲೇ ಇಲ್ಲ. ಕೈ ಮುಗಿಯಬೇಕಾದ ಹೊತ್ತಿನಲ್ಲಿ ನನಗೆ ಹೊಟ್ಟೆಕಿಚ್ಚಾಯಿತು. ಹಿರಿಯರ ಎದುರು ಸ್ವಂತ ಕೂಸನ್ನು ಎತ್ತಿಕೊಳ್ಳುವ ರೂಢಿ ನಮ್ಮ ಮನೆಯಲ್ಲಿಲ್ಲ. ನಾನು ಮುಟ್ಟಲು ಸಂಕೋಚಪಡುವ ಮಗಳು ಪರಿಚಯವೇ ಇಲ್ಲದವರ ಎದೆಗೆ ಅಂಟಿಕೊಂಡಿದ್ದಳು.

“ಕೂಸಿನ ತಂದಿ ಯಾರ್ರೀ?” ಎಂದರು ಅವರು.

ನಾನು ನನ್ನ ತಂದೆಯ ಮುಖ ನೋಡಿದೆ.

“ಅವರ ಮಾರಿ ಏನ್ ನೋಡ್ತೀರಿ? ಇದು ದವಾಖಾನಿ ಐತ್ರಿ, ನಿಮ್ಮ ಮನಿ ಪಡಸಾಲಿ ಅಲ್ಲ. ಲಗೂ ಹಿಡ್ಕೋರಿ!”

ಹಿಡಿದುಕೊಂಡೆ. ತಂದೆಯವರು ರುಮಾಲು ಸರಿಪಡಿಸಿಕೊಳ್ಳುತ್ತ ಬೇರೆ ಕಡೆ ನೋಡಿದರು. ಮಗಳು ಮಾತ್ರ ಅಳುತ್ತ ನರ್ಸಬಾಯಿಯ ಕಡೆಗೇ ಕೈ ಚಾಚಿದಳು.

ಈಗ ಮನೆಯಲ್ಲಿಯೂ ಎಲ್ಲರೆದುರು ಅವಳನ್ನು ಎತ್ತಿಕೊಳ್ಳುತ್ತೇನೆ. ಆ ತಾಯಿಯ ಋಣ ದೊಡ್ಡದು. ಆದರೂ ಅವರಿಗೆ ಗಜೇಂದ್ರಗಡಕ್ಕೆ ವರ್ಗವಾಯಿತೆಂದು ಕೇಳಿದ ದಿನ, ನನಗೆ ತುಸು ಸಮಾಧಾನವೇ ಆಯಿತು.